ಹೆಣ್ಣು ನೋಡಲು ಬಂದ ಕರಡಿ

ಯಳಂದೂರಿನಿಂದ ಗಂಡಿನವರು ಬರುವ ದಿನ, ಸೀರೆ ಆರಿಸುವುದು ಬಿಟ್ಟು ನಾನು ಕರಡಿಗೆ ಪೇಟ ಸುತ್ತುತ್ತಾ ಕೂತಿದ್ದೆ. ಕಾಗದದ ಮೇಲೆ, ಬಣ್ಣದಲ್ಲಿ. ಅರವತ್ತರ ದಶಕದ ಕೊಳ್ಳೇಗಾಲ; ರೇಷ್ಮೆ ಸೀರೆ ನೇಯುವ ಮನೆ ನಮ್ಮದು. ಹೈಸ್ಕೂಲಿನ ಡ್ರಾಯಿಂಗ್ ಕ್ಲಾಸಿನಲ್ಲಿ ಹತ್ತಿದ ನೀರುಬಣ್ಣದ ಹುಚ್ಚು ಸ್ಕೂಲು ಮುಗಿದರೂ ಇಳಿದಿರಲಿಲ್ಲ.

ಅದು ಬೀದಿಯಲ್ಲಿ ಕುಣಿಸುವ ಕರಡಿಯಲ್ಲ. ಕರಿ ಕೋಟು, ಜರಿ ಪೇಟ, ಮೂಗಿನ ತುದಿಯಲ್ಲಿ ಕನ್ನಡಕ, ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ. ಕುರ್ಚಿಯ ತುಂಬ ಕೂತು ಎದುರಿಗಿದ್ದವರನ್ನು ಅಳೆಯುತ್ತಿತ್ತು. ಯಳಂದೂರಿನವರಿಗೆ ಮೊದಲು ಬಂದುಹೋದ ಗಂಡಿನ ಕಡೆಯ ಹಿರಿಯರೆಲ್ಲ ನನ್ನನ್ನು ಚಾಪೆಯ ಮೇಲೆ ಕೂರಿಸಿ ಹೀಗೇ ನೋಡಿದ್ದರು. ನಡೆಸಿ ನೋಡಿದ್ದರು, ಹಾಡಿಸಿ ನೋಡಿದ್ದರು, ಜಡೆ ನನ್ನದೋ ಚೌರಿಯೋ ಎಂದೂ ನೋಡಿದ್ದರು. ಮೈಯೆಲ್ಲ ಉರಿದಿತ್ತು ನನಗೆ. ನಾನು ಮಾತ್ರ ಏನನ್ನೂ ಕೇಳುವಂತಿರಲಿಲ್ಲ. ಕೇಳಬೇಕಿದ್ದುದು ಒಂದೇ ಮಾತು: ಮದುವೆಯಾದ ಮೇಲೂ ಚಿತ್ರ ಬರೆಯಲು ಬಿಡುತ್ತೀರಾ? ಅದನ್ನು ಈ ಕರಡಿಯನ್ನು ಮುಂದಿಟ್ಟುಕೊಂಡೇ ಕೇಳಿಬಿಡುವುದು ಎಂದು ಹಟ ಹಿಡಿದಿದ್ದೆ.

ಹುಡುಗಿಯ ಕೈಕೆಲಸವನ್ನು ಗಂಡಿನವರ ಕಣ್ಣಿಗೆ ಬೀಳುವಂತೆ ಪಡಸಾಲೆಯಲ್ಲಿ ಇಡುವುದು ಆಗಿನ ರೂಢಿ. ಕಸೂತಿಗೆ ನನ್ನ ಕೈ ಬಗ್ಗದು. ಅವ್ವ ಪಕ್ಕದ ಮನೆಯಿಂದ ಮಣಿ ಪೋಣಿಸಿ ಮಾಡಿದ ಗಿಳಿಯೊಂದನ್ನು ಎರವಲು ತಂದಿದ್ದಳು.

"ನಾನೇ ಮಾಡ್ದೆ ಅನ್ನು. ನಿನ್ ಗಂಟೇನ್ ಓಯ್ತದೆ?" ಎಂದಳು.

ಹಿಂದಿನ ದಿನ ಬರೆದ ಕರಡಿ ಕೆಟ್ಟುಹೋಗಿತ್ತು. ಮಗ್ಗದ ಮನೆಯಲ್ಲಿ ಹುಟ್ಟಿದ್ದೇ ತಪ್ಪಾಯಿತು. ನಮಗೆ ಮೊದಲು ಸೀರೆಯ ಒಡಲಿನ ಬಣ್ಣ. ಹೊಳೆಯುವ ಜರಿ ಬುಟ್ಟಾ ಏನಿದ್ದರೂ ಅದರ ಮೇಲೆ. ಹಾಗೆಂದೇ ಕರಡಿಯ ಮುಖವನ್ನೆಲ್ಲ ಕಪ್ಪಗೆ ತುಂಬಿ, ಕಣ್ಣಿನ ಹೊಳಪು ಕೊನೆಗಿಟ್ಟರಾಯಿತು ಎಂದುಕೊಂಡಿದ್ದೆ. ನೀರುಬಣ್ಣದಲ್ಲಿ ಬಿಳುಪೆಂದರೆ ಬಣ್ಣ ಸೋಕದೆ ಉಳಿದ ಕಾಗದ. ಅದನ್ನು ಮೊದಲೇ ಕಾಪಾಡಿಕೊಳ್ಳಬೇಕು. ಕೊನೆಗೆ ಮೇಲಿಟ್ಟ ಬಿಳಿ ಬಣ್ಣ ಕಪ್ಪಿನಲ್ಲಿ ಕಲಸಿಹೋಗಿ ಕರಡಿಯ ಕಣ್ಣಿಗೆ ಪೊರೆ ಬಂದಂತಾಯಿತು.

ಈಗ ಬೇರೆ ಕಾಗದ. ಕಣ್ಣಿನೊಳಗೆ ಎಳ್ಳುಕಾಳಿನಷ್ಟು ಜಾಗ ಬಿಟ್ಟು ಸುತ್ತ ಕುಂಚ ಓಡಿಸಬೇಕು. ಹೊರಗೆ ಬಸ್ಸಿನ ಹಾರನ್ ಕೇಳಿದಾಗಲೆಲ್ಲ ಕುಂಚ ಎತ್ತಿ ಹಿಡಿದು ಕಿವಿಗೊಡುತ್ತಿದ್ದೆ. ಮೋಡದ ದಿನ, ಬಣ್ಣ ಆರುತ್ತಲೇ ಇಲ್ಲ. ಬೀಸಣಿಗೆ ಬೀಸುವೆ, ಬಾಗಿಲಿಗೆ ಓಡುವೆ, ಬಂದು ಬೆರಳಿಟ್ಟು ನೋಡುವೆ, ಮತ್ತೆ ಬಾಗಿಲಿಗೆ.

"ಎಲ್ಡು ನಿಮ್ಸ ಒಂದ್ ಕಡೆ ಕೂರಕ್ಕಾಗಲ್ವ ನಿಂಗೆ?" ಅವ್ವ ಗದರಿದಳು.

ಕೊನೆಗೂ ಬಂದರು: ಹುಡುಗ, ಅವನ ಅಪ್ಪ, ಅವನ ಸೋದರತ್ತೆ. ಅತ್ತೆ ಗಿಳಿಯನ್ನು ಸವರಿ, "ನೀನೇ ಮಾಡಿದ್ದಾ?" ಎಂದರು.

"ಅಲ್ಲ. ನಾನು ಮಾಡಿದ್ದು ಇದು." ಎದ್ದು ಹೋಗಿ ಕರಡಿಯನ್ನು ತಂದು ಅವರ ಮುಂದೆ ಹಿಡಿದೆ.

ಹುಡುಗನ ಮುಖದಲ್ಲಿ ನಗು ಅರಳಿತು. ಅತ್ತೆಯತ್ತ ನೋಡಿ ಅದನ್ನು ನುಂಗಿಕೊಂಡ. ಅವನ ಅಪ್ಪ ಉಪ್ಪಿಟ್ಟಿನ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, "ಇವ್ನು ಏನ್ ನೋಡ್ತಾ ಕುಂತವ್ನೆ?" ಎಂದರು.

"ಹೆಣ್ಣು ನೋಡ್ತಾವ್ನೆ," ಎಂದೆ. ಅಷ್ಟಕ್ಕೇ ಬಿಡಲಿಲ್ಲ. "ಮದ್ವೆ ಆದ್ಮೇಲೂ ನಾನು ಇಂಗೆ ಬರೀಬೋದಾ?"

"ನಮ್ಮನೇಲಿ ಇಂಥವೆಲ್ಲ ನಡ್ಯಾಕಿಲ್ಲ ಕಣವ್ವ," ಎಂದು ಅತ್ತೆ ಎದ್ದೇಬಿಟ್ಟರು. ಹಿಂದೆಯೇ ಉಳಿದವರೂ ಎದ್ದರು. ಹುಡುಗ ತಲೆ ಎತ್ತಲಿಲ್ಲ.

ಅವ್ವ ಅಡಿಗೆಮನೆ ಸೇರಿ ಗೊಳೋ ಎಂದು ಅತ್ತಳು. ಅಳು ನನಗೂ ಬಂತು. ಸುಳ್ಳೇಕೆ, ಆ ಹುಡುಗನ ಅರ್ಧ ನಗು ನನಗೆ ಹಿಡಿಸಿತ್ತು. ಅವರನ್ನು ಬಾಗಿಲವರೆಗೆ ಕಳಿಸಿ ಬಂದ ನಮ್ಮಪ್ಪ ನನ್ನ ಕೈಯಿಂದ ಚಿತ್ರ ಕಿತ್ತುಕೊಂಡ. ಹರಿದೇ ಹಾಕುತ್ತಾನೆ ಎಂದುಕೊಂಡೆ. ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ನಿಮ್ಮವ್ವನ್ನ ನೋಡಕ್ಕೋದಾಗ ನಾನೂ ಇಂಗೇ ಕುಂತಿದ್ದೆ ಕಣವ್ವ," ಎಂದ.

ಆಮೇಲೆ ಸುತ್ತಿಗೆ ತಂದು, ಒಳಗೆ ಕಾಲಿಟ್ಟವರಿಗೆ ಎದುರಾಗುವ ಗೋಡೆಗೇ ಮೊಳೆ ಹೊಡೆದು ಕರಡಿಯನ್ನು ನೇತುಹಾಕಿದ.

"ಇನ್ಮೇಲೆ ಬರೋರು ಮೊದ್ಲು ಇವ್ನ ನೋಡ್ಲಿ. ಒಪ್ಕಂಡ್ರೆ ನಿನ್ನ ಕರೀತೀನಿ."