ಗಂಟೆ ಲೆಕ್ಕದ ವಿಶ್ರಾಂತಿ

ನಾನು ಅಂಡಮಾನಿಗೆ ಹೋದದ್ದು ಹರ್ನಿಯಾದ ದೆಸೆಯಿಂದ. ಹೀಗೆಂದ ಕೂಡಲೇ ಕೇಳಿದವರು ಒಮ್ಮೆ ನನ್ನ ಹೊಟ್ಟೆ ನೋಡಿ, ಆಮೇಲೆ ಮುಖ ನೋಡಿ, ‘ಅಲ್ಲಿ ಚೆನ್ನಾಗಿ ಮಾಡ್ತಾರಾ?’ ಅನ್ನುತ್ತಾರೆ. ಅಲ್ಲಿ ಮಾಡುವುದಲ್ಲ. ಇಲ್ಲೇ ದಾಸರಹಳ್ಳಿಯ ಒಂದು ನರ್ಸಿಂಗ್ ಹೋಮಿನಲ್ಲಿ ಆಗಬೇಕಿತ್ತು. ಆದರೆ ಆಪರೇಷನ್ನಿಗೆ ಮುಂಚೆ ಬಿ.ಪಿ. ನೋಡಿದ ಡಾಕ್ಟರು ತೋಳಿನ ಪಟ್ಟಿ ಬಿಚ್ಚುತ್ತಾ, ‘ನೂರ ಎಪ್ಪತ್ತು. ಇದರಲ್ಲಿ ನಾನು ಕತ್ತರಿ ಹಾಕಲ್ಲ’ ಅಂದುಬಿಟ್ಟರು.

‘ಏನು ಕೆಲಸ ನಿಮ್ದು?’

‘ಪೀಣ್ಯದಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಸಾರ್.’

‘ಅಂದ್ರೆ ಏನು ಮಾಡ್ಬೇಕು?’

‘ತಪ್ಪು ಹುಡುಕ್ಬೇಕು.’

‘ಮನೇಲಿ?’

ನಾನು ಬಾಯಿ ತೆರೆಯುವ ಮುಂಚೆ ಪಕ್ಕದಲ್ಲಿ ಕೂತಿದ್ದ ಹೆಂಡತಿ, ‘ಅಲ್ಲೂ ಅದೇ ಸಾರ್’ ಅಂದಳು.

ಡಾಕ್ಟರು ಮಾತ್ರೆ ಬರೆದರು. ಒಂದು ವಾರ ಎಲ್ಲಾದರೂ ದೂರ ಹೋಗಿ ಸುಮ್ಮನೆ ಕೂತು ಬರಬೇಕು. ಮೇಲಿನ ಸಂಖ್ಯೆ ನೂರ ನಲವತ್ತರೊಳಗೆ ಬಂದರೆ ಆಪರೇಷನ್, ಇಲ್ಲದಿದ್ದರೆ ಮುಂದಕ್ಕೆ. ಮುಂದಕ್ಕೆ ಹಾಕಿಸಿಕೊಳ್ಳುವ ಸ್ಥಿತಿಯಲ್ಲಿ ನನ್ನ ಹರ್ನಿಯಾ ಇರಲಿಲ್ಲ. ಕೆಮ್ಮು ಬಂದರೆ ಕೈ ಒತ್ತಿ ಹಿಡಿಯಬೇಕಿತ್ತು. ಯಾರಾದರೂ ಜೋಕು ಹೇಳಲು ಶುರು ಮಾಡಿದರೆ ಎದ್ದು ಹೋಗುತ್ತಿದ್ದೆ.

ಸುಮ್ಮನೆ ಕೂರುವುದು ನನಗೆ ಬಾರದ ವಿದ್ಯೆ. ಅದನ್ನು ನನ್ನಿಂದ ಮಾಡಿಸುವ ಜವಾಬ್ದಾರಿಯನ್ನು ಹೆಂಡತಿ ವಹಿಸಿಕೊಂಡಳು. ಅವಳು ಗಾರ್ಮೆಂಟ್ಸಿನಲ್ಲಿ ಲೈನ್ ಸೂಪರ್‌ವೈಸರ್. ಅರವತ್ತು ಹೊಲಿಗೆ ಮೆಷಿನ್ನು, ಅರವತ್ತು ಹೆಂಗಸರು, ಎದುರಿಗೆ ಒಂದು ಬಿಳಿ ಬೋರ್ಡು. ಗಂಟೆಗೆ ಎಷ್ಟು ಕಾಲರ್ ಆಗಬೇಕು, ಎಷ್ಟು ಆಯಿತು ಅಂತ ಪ್ರತಿ ಗಂಟೆಗೂ ಆ ಬೋರ್ಡಿನ ಮೇಲೆ ಬರೆಯಬೇಕು. ಕಮ್ಮಿ ಬಿದ್ದರೆ ಮುಂದಿನ ಗಂಟೆಯಲ್ಲಿ ಎಳೆದು ಸರಿ ಮಾಡಬೇಕು. ಹನ್ನೊಂದು ವರ್ಷದಲ್ಲಿ ತನಗೆ ಅಂತ ಒಂದು ವಾರ ರಜೆ ಕೇಳದವಳು, ‘ಯಜಮಾನ್ರಿಗೆ ರೆಸ್ಟ್ ಮಾಡಿಸ್ಬೇಕು’ ಅಂತ ಬರೆದುಕೊಟ್ಟು ರಜೆ ತಗೊಂಡಳು. ನಾನು, ಅವಳು, ಕಾಲೇಜಿಗೆ ಹೋಗುವ ಮಗಳು ಮತ್ತು ನನ್ನ ಅಮ್ಮ, ನಾಲ್ಕು ಜನ ಹೊರಟೆವು.

ವಿಮಾನ, ಆಮೇಲೆ ದೋಣಿ, ಆಮೇಲೆ ಆಟೋ. ದ್ವೀಪ ಬಂತು. ಚಿತ್ರದಲ್ಲಿ ಇದ್ದ ಹಾಗೇ ಇತ್ತು: ನೀಲಿ ನೀರು, ಬಿಳಿ ಮರಳು, ನೀರಿನ ಕಡೆಗೆ ಬಾಗಿದ ತೆಂಗಿನ ಮರಗಳು. ಅಮ್ಮ ನೆಲಮಂಗಲದ ಆಚೆಯವಳು. ಅರ್ಧ ನಿಮಿಷ ನೋಡಿ, ‘ಇಷ್ಟೊಂದ್ ನೀರಿಟ್ಕೊಂಡು ಒಂದ್ ಗದ್ದೆ ಮಾಡಿಲ್ವಲ್ಲೋ ಇವ್ರು’ ಅಂದಳು.

ಮರುದಿನ ಬೆಳಿಗ್ಗೆ ತಿಂಡಿಯ ಮೇಜಿನ ಮೇಲೆ ಹೆಂಡತಿ ಒಂದು ಉದ್ದ ನೋಟ್‌ಬುಕ್ ಬಿಚ್ಚಿದಳು. ಸ್ಕೇಲಿನಲ್ಲಿ ಗೀಟು ಹಾಕಿ ಕಾಲಂ ಮಾಡಿದ್ದಳು. ಎಂಟರಿಂದ ಒಂಬತ್ತು: ತಿಂಡಿ, ನಿಧಾನವಾಗಿ. ಒಂಬತ್ತರಿಂದ ಹತ್ತು: ಸಮುದ್ರ ನೋಡುವುದು. ಹತ್ತರಿಂದ ಹನ್ನೊಂದು: ನಡಿಗೆ. ಹನ್ನೊಂದರಿಂದ ಹನ್ನೆರಡು: ಮಾತಾಡದೆ ಕೂರುವುದು. ಬಲಗಡೆ ಕಾಲಂನಲ್ಲಿ ‘ಆಯಿತು’, ‘ಬಾಕಿ’. ದಿನಕ್ಕೆ ಮೂರು ಸಲ ಬಿ.ಪಿ. ನೋಡಿ ಬರೆಯುವುದಕ್ಕೆ ಇನ್ನೊಂದು ಕಾಲಂ. ಅದಕ್ಕೆಂದೇ ಮೆಡಿಕಲ್ ಸ್ಟೋರಿನಿಂದ ಗುಂಡಿ ಒತ್ತಿದರೆ ತಾನೇ ಉಬ್ಬುವ ಮೆಷಿನ್ ತಂದಿದ್ದಳು.

‘ರೀ, ನಿನ್ನೆ ಸಂಜೆ ಸಮುದ್ರ ನೋಡಿದ್ದು ಹತ್ತು ನಿಮಿಷ ಕಮ್ಮಿ ಬಿದ್ದಿದೆ. ಇವತ್ತು ಕವರ್ ಮಾಡಿ.’

‘ಸಮುದ್ರ ಎಲ್ಲೂ ಹೋಗಲ್ವಲ್ಲೇ.’

‘ಸಮುದ್ರ ಹೋಗಲ್ಲ. ರಜೆ ಹೋಗತ್ತೆ.’

ನಾನು ನೋಡಿದೆ. ಎಷ್ಟು ಗಮನ ಕೊಟ್ಟು ನೋಡಿದೆನೆಂದರೆ ಅಲೆಗಳ ಅಂತರ ಎಣಿಸತೊಡಗಿದೆ. ಒಂದೊಂದು ಅಲೆಯೂ ಒಂದೊಂದು ಅಳತೆ. ನಮ್ಮ ಫ್ಯಾಕ್ಟರಿಯಲ್ಲಾದರೆ ಇಡೀ ಲಾಟು ವಾಪಸ್ಸು. ಹನ್ನೊಂದರಿಂದ ಹನ್ನೆರಡರ ಮೌನದಲ್ಲಂತೂ, ಇಪ್ಪತ್ತೆರಡು ವರ್ಷದಲ್ಲಿ ನನ್ನ ಕಣ್ಣು ತಪ್ಪಿಸಿ ಹೋಗಿರಬಹುದಾದ ಎಲ್ಲ ಬುಷ್‌ಗಳೂ, ಅಂದರೆ ನಮ್ಮಲ್ಲಿ ತಯಾರಾಗುವ ಲೋಹದ ಬಳೆಗಳು, ಸಾಲಾಗಿ ನೆನಪಾದವು. ಅವು ಈಗ ಯಾವ ಲಾರಿಯ ಯಾವ ಚಕ್ರದಲ್ಲಿ ಕೂತಿವೆಯೋ. ಮಧ್ಯಾಹ್ನದ ಬಿ.ಪಿ. ನೂರ ಎಪ್ಪತ್ತೆರಡು. ಸಂಜೆ ನೂರ ಎಪ್ಪತ್ತನಾಲ್ಕು. ದಾಸರಹಳ್ಳಿಯಲ್ಲಿ ಇದ್ದದ್ದಕ್ಕಿಂತ ಜಾಸ್ತಿ.

‘ಲೋ, ನೀನು ರೆಸ್ಟ್ ತಗಳಕ್ ಬಂದಂಗಿಲ್ಲ’ ಅಂದಳು ಅಮ್ಮ. ‘ಕರೆಂಟಿನೋನು ಮೀಟ್ರು ನೋಡಕ್ ಬಂದಂಗದೆ.’

ಮೂರನೆಯ ದಿನ ಬೆಳಿಗ್ಗೆ ನೂರ ಎಪ್ಪತ್ತಾರು ತೋರಿಸಿದಾಗ ನನಗೆ ಅನುಮಾನ ಹುಟ್ಟಿತು. ಅಳತೆಗೆ ಬಂದ ವಸ್ತುವನ್ನು ಅನುಮಾನಿಸುವವನು ಅಳತೆಯ ಸಾಧನವನ್ನೂ ಅನುಮಾನಿಸಬೇಕು. ಅದು ನಮ್ಮ ಕಸುಬಿನ ಮೊದಲ ಪಾಠ.

‘ಈ ಮೆಷಿನ್‌ಗೆ ಸರ್ಟಿಫಿಕೇಟ್ ಎಲ್ಲಿ?’ ಅಂತ ಕೇಳಿದೆ.

‘ಅಪ್ಪಾ, ಪ್ಲೀಸ್’ ಅಂತ ಮಗಳು ಟವೆಲ್ ಎತ್ತಿಕೊಂಡು ನೀರಿಗೆ ಹೋಗಿಬಿಟ್ಟಳು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಗೇಜು ಸರಿಯಿದೆಯೋ ಇಲ್ಲವೋ ನೋಡಬೇಕಾದರೆ, ಅಳತೆ ಮೊದಲೇ ಗೊತ್ತಿರುವ ಒಂದು ತುಂಡನ್ನು ಅದರಲ್ಲಿಟ್ಟು ನೋಡುವುದು. ಆ ತುಂಡಿಗೆ ಮಾಸ್ಟರ್ ಅನ್ನುತ್ತಾರೆ. ಎಣ್ಣೆ ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಿರುತ್ತಾರೆ. ಮಾಸ್ಟರ್ ತಪ್ಪುವುದಿಲ್ಲ. ಮಾಸ್ಟರನ್ನು ಇಟ್ಟಾಗ ಗೇಜು ಬೇರೆ ಏನಾದರೂ ತೋರಿಸಿದರೆ ತಪ್ಪು ಗೇಜಿನದು; ಕೆಂಪು ಚೀಟಿ ಅಂಟಿಸಿ ಮೂಲೆಗೆ ಹಾಕುವುದು. ಇಲ್ಲಿ ಮಾಸ್ಟರ್ ಯಾರು? ಅಮ್ಮ ‘ನನ್ ಕೈ ಇಂಡಕ್ ಬರ್ಬೇಡ’ ಅಂತ ಸೆರಗಿನೊಳಗೆ ಕೈ ಮುಚ್ಚಿಕೊಂಡಳು. ಉಳಿದವಳು ಹೆಂಡತಿ. ಜ್ವರ ಬಂದು ಒಂದು ದಿನ ಮಲಗಿದ್ದು ನಾನು ನೋಡಿಲ್ಲ. ಮನೆಯಲ್ಲಿ ಎಂದೂ ಕೆಡದ ವಸ್ತು ಅವಳೊಬ್ಬಳೇ. ಅವಳ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದೆ.

ನೂರ ಎಪ್ಪತ್ತೆಂಟು.

ಇನ್ನೊಮ್ಮೆ ಒತ್ತಿದೆ. ನೂರ ಎಪ್ಪತ್ತಾರು. ಮತ್ತೊಮ್ಮೆ, ನೂರ ಎಪ್ಪತ್ತೊಂಬತ್ತು.

ನನಗೆ ಆದ ಸಂತೋಷ ಹೇಳತೀರದು. ‘ನೋಡ್ದ್ಯಾ! ಮೆಷಿನ್ನೇ ಕೆಟ್ಟಿದೆ!’

‘ಮತ್ತೆ! ನನಗೆಲ್ಲಿ ಬಿ.ಪಿ.!’ ಅಂತ ಅವಳೂ ನಕ್ಕಳು. ನಗುತ್ತಲೇ ಹಣೆ ಒತ್ತಿಕೊಂಡಳು. ಹಣೆ ಒತ್ತಿಕೊಳ್ಳುವುದು ಅವಳ ಅಭ್ಯಾಸ, ನನಗೆ ಅದು ಬಳೆ ಸರಿಮಾಡಿಕೊಂಡಷ್ಟೇ ಮಾಮೂಲು.

ಕೆಂಪು ಚೀಟಿ ಇರಲಿಲ್ಲ. ಮಗಳ ನೇಲ್ ಪಾಲಿಷ್ ತಗೊಂಡು ಮೆಷಿನ್ನಿನ ನೆತ್ತಿಯ ಮೇಲೆ ದಪ್ಪಗೆ ಒಂದು ಗೀಟು ಎಳೆದು ಸೂಟ್‌ಕೇಸಿಗೆ ಹಾಕಿದೆ.

ಅಲ್ಲಿಂದ ಮುಂದಿನ ಒಂದೂವರೆ ದಿನ ನಾನು ಜೀವಮಾನದಲ್ಲಿ ಮೊದಲ ಸಲ ಸುಖಪಟ್ಟೆ. ನನ್ನ ಅಳತೆ ಯಾರಿಗೂ ಗೊತ್ತಿಲ್ಲ ಅನ್ನುವುದು ಎಷ್ಟು ದೊಡ್ಡ ಬಿಡುಗಡೆ! ಮೊಣಕಾಲುದ್ದದ ನೀರಿನಲ್ಲಿ ಎಮ್ಮೆಯ ಹಾಗೆ ಮಲಗಿದೆ. ಹಸಿ ಮೀನಿನ ವಾಸನೆಗೆ ಮೂಗು ಮುಚ್ಚುತ್ತಿದ್ದವನು ಎರಡು ತುಂಡು ಹುರಿದ ಮೀನು ತಿಂದೆ. ಅಮ್ಮ ಸೀರೆಯುಟ್ಟೇ ನೀರಿನಲ್ಲಿ ಕೂತು, ಪಕ್ಕದಲ್ಲಿದ್ದ ಬಂಗಾಳಿ ಹೆಂಗಸಿಗೆ ಕನ್ನಡದಲ್ಲಿ ರಾಗಿ ಮುದ್ದೆ ಮಾಡುವುದನ್ನು ಹೇಳಿಕೊಟ್ಟಳು. ಆಕೆ ಬಂಗಾಳಿಯಲ್ಲಿ ಏನೋ ಹೇಳಿಕೊಟ್ಟಳು. ಇಬ್ಬರಿಗೂ ತೃಪ್ತಿಯಾಯಿತು. ಹೆಂಡತಿ ಮಾತ್ರ ದಂಡೆಯ ಮೇಲೆ ನಿಂತು ನೋಟ್‌ಬುಕ್ಕಿನಲ್ಲಿ ‘ಆಯಿತು’, ‘ಆಯಿತು’ ಅಂತ ಬರೆಯುತ್ತಿದ್ದಳು. ಅವಳು ಕೂತಿದ್ದನ್ನು ನಾನು ಗಮನಿಸಲಿಲ್ಲ. ಕೂತಿರಲಿಲ್ಲ ಅಂತ ಈಗ ಅನಿಸುತ್ತದೆ.

ಐದನೆಯ ದಿನ ಬೆಳಿಗ್ಗೆ ನನ್ನೊಳಗಿನ ಇನ್‌ಸ್ಪೆಕ್ಟರು ಮತ್ತೆ ಎದ್ದ. ಗೇಜನ್ನು ಬರೀ ರಿಜೆಕ್ಟ್ ಮಾಡಿದರೆ ಸಾಲದು, ಎಷ್ಟು ತಪ್ಪು ತೋರಿಸುತ್ತದೆ ಅಂತಲೂ ಬರೆದಿಡಬೇಕು. ಆ ತಪ್ಪನ್ನು ನನ್ನ ಸಂಖ್ಯೆಗಳಿಂದ ಕಳೆದರೆ ನಿಜವಾದ ಬಿ.ಪಿ. ಸಿಗುತ್ತದಲ್ಲ. ಹತ್ತಿರದಲ್ಲೇ ಒಂದು ಸಣ್ಣ ಸರ್ಕಾರಿ ಆಸ್ಪತ್ರೆ ಇತ್ತು. ಒಂದು ಕೈಯಲ್ಲಿ ಮೆಷಿನ್, ಇನ್ನೊಂದು ಕೈಯಲ್ಲಿ ಪಾಕೆಟ್ ಡೈರಿ, ಜೊತೆಗೆ ಮಾಸ್ಟರ್ ಆಗಿ ಹೆಂಡತಿ. ಅವಳು ‘ನಡಿಗೆಗೂ ಆಯ್ತು’ ಅಂತ ಟೈಮು ನೋಡಿಕೊಂಡು ಬಂದಳು.

ಅಲ್ಲಿದ್ದ ನರ್ಸು ತಮಿಳಿನಾಕೆ. ಲೈನಿನಲ್ಲಿ ಹೊಸೂರು ಕಡೆಯ ಹೆಂಗಸರ ಜೊತೆ ದುಡಿದ ನನ್ನ ಹೆಂಡತಿಗೆ ತಮಿಳು ಸಲೀಸು. ಅವಳು ನನ್ನ ಮಾತನ್ನು ಆಕೆಗೂ ಆಕೆಯ ಮಾತನ್ನು ನನಗೂ ದಾಟಿಸಿದಳು.

‘ಪೇಷೆಂಟ್ ಯಾರು?’ ಅಂದರು ನರ್ಸು.

‘ಯಾರೂ ಇಲ್ಲ ಸಿಸ್ಟರ್. ಈ ಮೆಷಿನ್‌ಗೇ ಹುಷಾರಿಲ್ಲ’ ಅಂತ ಹೇಳಿಸಿದೆ.

ನರ್ಸು ನೇಲ್ ಪಾಲಿಷಿನ ಗೀಟನ್ನೂ ನನ್ನನ್ನೂ ಒಮ್ಮೆ ನೋಡಿದರು. ಪಾದರಸದ ಹಳೆಯ ಯಂತ್ರ ತೆಗೆದು ಹೆಂಡತಿಯ ತೋಳಿಗೆ ಕಟ್ಟಿ ಗಾಳಿ ತುಂಬಿದರು. ಸ್ಟೆತಸ್ಕೋಪ್ ಇಟ್ಟು ಕೇಳಿದರು. ಗಾಳಿ ಬಿಟ್ಟರು. ಮತ್ತೆ ತುಂಬಿದರು. ಆಮೇಲೆ ಇನ್ನೊಂದು ತೋಳಿಗೆ ಕಟ್ಟಿದರು.

‘ನೂರ ಎಂಬತ್ತು’ ಅಂದರು.

ನಮ್ಮ ಮೆಷಿನ್ ಹಾಕಿದೆವು. ನೂರ ಎಪ್ಪತ್ತೆಂಟು. ನಾನು ಡೈರಿಯಲ್ಲಿ ಎರಡನ್ನೂ ಬರೆದು, ಕಳೆದು, ವ್ಯತ್ಯಾಸ ಎರಡು, ಅಷ್ಟು ನಡೆಯುತ್ತದೆ ಅಂತ ಷರಾ ಹಾಕಿ, ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಹೇಳಿದೆ: ‘ಮೆಷಿನ್ ಓಕೆ!’

ನನ್ನ ಪೆನ್ನು ಇನ್ನೂ ಡೈರಿಯ ಮೇಲೇ ಇತ್ತು. ಹೆಂಡತಿ ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿನ ಲಸಿಕೆಯ ಪಟ್ಟಿ ನೋಡಿದೆ.

‘ತಲೆನೋವು ಇದೆಯಾ?’ ಅಂತ ನರ್ಸು ಅವಳನ್ನೇ ಕೇಳಿದರು. ಅಷ್ಟು ತಮಿಳು ನನಗೂ ಅರ್ಥವಾಯಿತು.

‘ಎಲ್ಲರಿಗೂ ಇರತ್ತಲ್ಲಕ್ಕಾ.’

‘ಯಾವಾಗಿಂದ?’

‘ಲೈನ್‌ಗೆ ಸೇರಿದ ಮೇಲೆ.’

ಹನ್ನೊಂದು ವರ್ಷ. ದಿನಾ ಸಂಜೆ ಅವಳ ಹಣೆಯಿಂದ ಬರುತ್ತಿದ್ದ ನೀಲಗಿರಿ ಎಣ್ಣೆಯ ವಾಸನೆಯನ್ನು ನಾನು ಅವಳ ವಾಸನೆಯೆಂದೇ ತಿಳಿದುಕೊಂಡಿದ್ದೆ. ಒಳ್ಳೆಯ ವಾಸನೆ ಅಂತ ಒಮ್ಮೆ ಹೇಳಿಯೂ ಇದ್ದೆ. ಹೊಗಳಿಕೆ ಅಂದುಕೊಂಡು.

ಡಾಕ್ಟರು ಬಂದು ನೋಡಿ ಮಾತ್ರೆ ಕೊಟ್ಟರು. ಅಲ್ಲೇ ಎರಡು ಗಂಟೆ ಮಲಗಿಸಿದರು. ಊರಿಗೆ ಹೋದ ಮೇಲೆ ಏನೇನು ಪರೀಕ್ಷೆ ಮಾಡಿಸಬೇಕು ಅಂತ ಚೀಟಿ ಬರೆದರು. ಅಲ್ಲಿಯವರೆಗೆ ಪೂರ್ತಿ ವಿಶ್ರಾಂತಿ. ಹೊರಡುವಾಗ ನರ್ಸು, ಬಂದದ್ದು ಬಂದಿರಿ ಅನ್ನುವ ಹಾಗೆ ನನ್ನ ತೋಳಿಗೂ ಪಟ್ಟಿ ಕಟ್ಟಿದರು. ನೂರ ಮೂವತ್ತಾರು. ಇಂಥ ಹೊತ್ತಿನಲ್ಲೂ ಏರದಷ್ಟು ಜಡ್ಡುಗಟ್ಟಿದೆಯಲ್ಲ ಈ ದೇಹ ಅಂತ ನಾಚಿಕೆಯಾಯಿತು. ಹಾಸಿಗೆಯ ಮೇಲಿಂದ ಹೆಂಡತಿ ತಲೆ ಎತ್ತಿ, ‘ಆಯ್ತಲ್ಲ ರೀ, ಆಪರೇಷನ್ ಮಾಡ್ತಾರೆ’ ಅಂದಳು. ಅವಳ ಕೈ ನೋಟ್‌ಬುಕ್ಕಿಗೆ ತಡಕಾಡುತ್ತಿತ್ತು.

ಕೊಠಡಿಗೆ ಬಂದ ಮೇಲೂ ಅವಳು ಸುಮ್ಮನಾಗಲಿಲ್ಲ. ಹೊಸ ಹಾಳೆ ತೆಗೆದು ತನ್ನ ಹೆಸರಿನಲ್ಲಿ ಕಾಲಂ ಹಾಕಲು ಶುರು ಮಾಡಿದಳು. ಎಂಟರಿಂದ ಒಂಬತ್ತು ಅಂತ ಬರೆಯುವಷ್ಟರಲ್ಲಿ ಅಮ್ಮ ನೋಟ್‌ಬುಕ್ ಕಸಿದು, ಕುರ್ಚಿಯ ಮೇಲೆ ಹಾಕಿ, ಅದರ ಮೇಲೇ ಕೂತುಬಿಟ್ಟಳು.

‘ಅತ್ತೆ, ಇವರಿಗೆ ನಾಲ್ಕು ಗಂಟೆಗೆ ಮಾತ್ರೆ...’

‘ಅವನ್ಗೆ ಕೈ ಇಲ್ವಾ? ನುಂಗ್ತಾನೆ. ನೀನ್ ಓಗಿ ಮಲಕ್ಕೋ ತಾಯಿ.’

‘ನಿದ್ದೆ ಬರಲ್ಲ ಅತ್ತೆ.’

‘ಬರ್ದಿದ್ರೆ ಸುಮ್ಕೆ ಕಣ್ ಮುಚ್ಚು. ಯಾರ್ ಬಂದ್ ಕೇಳ್ತಾರೆ ಇಲ್ಲಿ?’

ಮಗಳು ತಾಯಿಯ ಕೈಯಿಂದ ಫೋನು ತಗೊಂಡಳು. ನಾನು ದಂಡೆಯಲ್ಲಿ ಚಾಪೆ ಹಾಸಿ, ಹೋಟೆಲಿನ ದೊಡ್ಡ ಛತ್ರಿ ತಂದು ಮರಳಿಗೆ ನೆಟ್ಟೆ. ಹೆಂಡತಿ ಬಂದು ಚಾಪೆಯ ಅಂಚಿನಲ್ಲಿ, ಕಂಪನಿ ಬಸ್ಸಿನ ಸೀಟಿನಲ್ಲಿ ಕೂರುವ ಹಾಗೆ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಬ್ಯಾಗು ಪಕ್ಕಕ್ಕೆ ಹೋಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಅವಳು ವಾಲಿದಳು. ಕಾಲು ಚಾಚಿದಳು. ಬಾಯಿ ತುಸು ತೆರೆಯಿತು. ಗೊರಕೆ ಶುರುವಾಯಿತು.

ಆಗ ಗಾಳಿ ಎದ್ದಿತು. ಮರಳಿನಲ್ಲಿ ನೆಟ್ಟ ಛತ್ರಿ ವಾಲತೊಡಗಿತು. ಓಡಿಹೋಗಿ ಹಿಡಿದುಕೊಂಡೆ. ಬಿಟ್ಟರೆ ಅವಳ ಮುಖಕ್ಕೆ ಬಿಸಿಲು, ಬಲವಾಗಿ ಊರೋಣವೆಂದರೆ ಹರ್ನಿಯಾ. ಕೆಮ್ಮು ಬಂತು, ನುಂಗಿದೆ. ಮಗಳು ದೂರದಿಂದ ನೋಡಿ ನಗುತ್ತಿದ್ದಳು. ನಾನು ಎರಡೂ ಕೈಯಲ್ಲಿ ಛತ್ರಿಯ ಕಂಬ ಹಿಡಿದು, ಬಿಸಿಲು ಸರಿದ ಹಾಗೆ ಇಂಚಿಂಚೇ ಸರಿಯುತ್ತಾ ನಿಂತೆ.

ಚಡ್ಡಿ ಹಾಕಿದ ಒಬ್ಬ ಪ್ರವಾಸಿ ಬಂದು ಹಿಂದಿಯಲ್ಲಿ ಕೇಳಿದ. ‘ಭಯ್ಯಾ, ಈ ಛತ್ರಿ ಖಾಲಿ ಇದೆಯಾ?’

‘ಇಲ್ಲ ಸಾರ್. ಇವರಿದ್ದಾರೆ’ ಅಂತ ಪಿಸುಗುಟ್ಟಿದೆ.

‘ಯಾವಾಗ ಬಿಡ್ತಾರೆ?’

ನಾನು ಅವಳನ್ನು ನೋಡಿದೆ. ಗಾಳಿಗೆ ಒಂದು ಕೂದಲು ತುಟಿಗೆ ಅಂಟಿಕೊಂಡಿತ್ತು. ತೆಗೆಯಲು ನನಗೆ ಕೈ ಬಿಡುವಿರಲಿಲ್ಲ.

‘ಹೇಳಕ್ಕಾಗಲ್ಲ ಸಾರ್’ ಅಂದೆ. ‘ಈಗ ತಾನೇ ಬಂದಿದ್ದಾರೆ.’