ಡಾಕ್ಟರಕ್ಕನ ಬೊಗಸೆ

ಡಾಕ್ಟರಕ್ಕನ ಬೂಟು ಗಂಡಸರದು, ಪಾದಕ್ಕಿಂತ ದೊಡ್ಡದು. ಒಳಗೆ ಎರಡು ಜೊತೆ ಉಣ್ಣೆಯ ಕಾಲುಚೀಲ ತುರುಕಿ, ಪ್ಯಾಂಟನ್ನು ಅದರೊಳಕ್ಕೆ ಸಿಕ್ಕಿಸಿಕೊಂಡು, ನಾಟಿಗೆ ಹೊರಟವರ ಹಾಗೆ ಬಾಗಿಲಲ್ಲಿ ನಿಲ್ಲುತ್ತಿದ್ದರು. "ಎದ್ದೇಳೆ, ಗೋಡೆ ನೋಡ್ಕೊಂಡು ಕೂತ್ರೆ ತಲೆ ಕೆಡುತ್ತೆ."

ಅತ್ಲೋನ್ ಎಂಬ ಐರಿಷ್ ಊರಿನಲ್ಲಿ ನಾನು ಓದುತ್ತಿದ್ದೆ. ಅವರು ಪಕ್ಕದ ಮನೆಯವರು, ಆಸ್ಪತ್ರೆಯ ಕೋವಿಡ್ ವಾರ್ಡಿನಲ್ಲಿ ಕೆಲಸ, ನಮ್ಮ ತುಮಕೂರು ಕಡೆಯವರೇ. ಐದು ಕಿಲೋಮೀಟರ್ ದಾಟಬಾರದೆಂಬ ಲಾಕ್‌ಡೌನಿನಲ್ಲಿ ನಾನು ಒಬ್ಬಳೇ ಅಳುತ್ತಿದ್ದಾಗ ಬಾಗಿಲಿಗೆ ಬಿಸಿ ಸಾರು ತಂದಿಟ್ಟವರು ಅವರೊಬ್ಬರೇ. ನಾನೋ, ಆ ಪಾತ್ರೆಯನ್ನು ಸ್ಯಾನಿಟೈಸರಿನಲ್ಲಿ ಒರೆಸಿಯೇ ಮುಟ್ಟುತ್ತಿದ್ದೆ.

ಆ ಐದು ಕಿಲೋಮೀಟರಿನೊಳಗೆ ಒಂದು ಪಕ್ಷಿಧಾಮವಿತ್ತು. ಮರವಿಲ್ಲದ, ಮನೆಯಿಲ್ಲದ ಕಂದು ಬಯಲು. ಮರುಭೂಮಿ ಎನ್ನಬಹುದಿತ್ತು, ಆದರೆ ಕಾಲಡಿಯೆಲ್ಲ ಕಪ್ಪು ಜೌಗು. ಒಂದು ಭಾನುವಾರ ಇಡೀ ದಿನ ಅಲ್ಲಿ ಹುಲ್ಲಿನ ದಿಬ್ಬದಿಂದ ದಿಬ್ಬಕ್ಕೆ ಹಾರುತ್ತ ನಡೆದೆವು. ಅವರು ಮುಂದೆ, ನಾನು ಎರಡು ಮೀಟರ್ ಹಿಂದೆ. ಸಂಜೆಯ ಹೊತ್ತಿಗೆ ನನ್ನ ಕಾಲು ಮೊಣಕಾಲವರೆಗೆ ಹೂತುಹೋಯಿತು. ಎಳೆದಷ್ಟೂ ಇಳಿಯಿತು. ಡಾಕ್ಟರಕ್ಕ ಓಡಿಬಂದು, ಕೆಸರಲ್ಲೇ ಬೋರಲು ಬಿದ್ದು, ನನ್ನ ಕಂಕುಳಿಗೆ ಕೈಹಾಕಿ ಎಳೆದರು. ನನ್ನ ಕೆನ್ನೆ ಅವರ ಕೆನ್ನೆಗೆ ತಾಗಿತ್ತು. ಆ ಗಡಿಬಿಡಿಯಲ್ಲಿ ಅವರ ನೀರಿನ ಬಾಟಲಿ ಜೌಗಿಗೆ ಬಿದ್ದು ಮುಳುಗಿತು.

ಗಟ್ಟಿ ನೆಲದಲ್ಲಿ ಕೂತ ಮೇಲೆ ಕೇಳಿದರು: "ಗಂಟಲು ಒಣಗೋಯ್ತು. ನೀರು ಐತೇನೆ?"

ಬಾಟಲಿ ಕೊಡಬೇಕಿತ್ತು. ನಾನು ಎದ್ದು ನಿಂತು, ಮುಚ್ಚಳ ತೆಗೆದು, ಮೇಲಿನಿಂದ ಬಗ್ಗಿಸಿದೆ. ಅವರೂ ಬಾಗಿ ಬೊಗಸೆ ಒಡ್ಡಿದರು. ನಮ್ಮಜ್ಜಿ ಹಿತ್ತಿಲಲ್ಲಿ, ಕೇರಿಯಿಂದ ಕೆಲಸಕ್ಕೆ ಬಂದವರಿಗೆ ಹೀಗೇ ಹುಯ್ಯುತ್ತಿದ್ದಳು, ತಂಬಿಗೆ ಮೈಲಿಗೆಯಾಗಬಾರದೆಂದು. ಅರ್ಧ ಬಾಟಲಿ ಸುರಿದ ಮೇಲೆ ನನಗದು ನೆನಪಾಯಿತು.

"ಸೋಂಕು ಅಂತ ಹಿಂಗೆ ಮಾಡ್ದೆ ಅಕ್ಕ," ಎಂದೆ. ಥೂ, ನನ್ನ ಬುದ್ಧಿಗಿಷ್ಟು ಬೆಂಕಿ ಬೀಳಲಿ. ಆಗಷ್ಟೇ ತಬ್ಬಿ ಎಳೆದವರಿಗೆ ಹೇಳುವ ಮಾತೇ ಅದು?

"ಗೊತ್ತು ಬಿಡೆ. ನಮ್ಮಪ್ಪಂಗೆ ಊರ ಹೋಟ್ಲಲ್ಲಿ ಹಿಂಗೇ ಹುಯ್ಯೋರು. ನಾನು ಡಾಕ್ಟರಾಗಿ, ಇಷ್ಟು ದೂರ ಬಂದ್ರೂ, ನನ್ನ ಕೈ ತಾನಾಗೇ ಬೊಗಸೆ ಆಯ್ತಲ್ಲ. ನಂಗೆ ಅದಕ್ಕೇ ನಾಚಿಕೆ." ಬಾಯಿ ಒರೆಸಿಕೊಂಡು ಎದ್ದರು. "ಗ್ರ್ಯಾಂಡ್," ಎಂದರು, ಆ ಊರಿನವರು 'ಸರಿ, ಆಯ್ತು' ಎನ್ನುವ ಹಾಗೆ. " ನಡಿ, ಕತ್ತಲಾಗುತ್ತೆ."

ಭೂಮಿ ಬಾಯಿಬಿಡಬಾರದೇ ಎನ್ನುತ್ತಾರಲ್ಲ, ನನಗೆ ಆಗ ತಾನೇ ಬಿಟ್ಟಿತ್ತು; ಅವರೇ ಎಳೆದು ಹಾಕಿದ್ದರು. ನಾಚಿಕೆ ಪಡಬೇಕಾದವಳು ನಾನು. ದಾರಿಯುದ್ದಕ್ಕೂ "ತಪ್ಪಾಯ್ತು" ಅನ್ನಲು ನನಗೆ ಬಾಯಿ ಬರಲಿಲ್ಲ.

ಮುಂದಿನ ಭಾನುವಾರವೂ ಬಂದು ಬಾಗಿಲು ತಟ್ಟಿದರು. ಸಾರೂ ನಿಲ್ಲಲಿಲ್ಲ, ಬೈಗುಳವೂ ನಿಲ್ಲಲಿಲ್ಲ. ಬೇರೆ ಕೆಲಸ ಸಿಕ್ಕಿ ಅವರು ಊರು ಬಿಡುವವರೆಗೂ ಎಷ್ಟೋ ಸಲ ಒಟ್ಟಿಗೆ ನಡೆದೆವು. ಎಂಥ ಬಾಯಾರಿಕೆಯಲ್ಲೂ ಅವರು ನನ್ನ ಹತ್ತಿರ ಮತ್ತೆ ನೀರು ಕೇಳಲಿಲ್ಲ.