ಲೈನಿಂಗ್ ಮಾವನ ಎಡಗಣ್ಣು

ದರ್ಜಿಗಳಿಗೆ ಒಳಪದರದ ಬಟ್ಟೆ ಮಾರುತ್ತಿದ್ದುದರಿಂದ ಪೇಟೆಯವರೆಲ್ಲ ಅವನನ್ನು ಲೈನಿಂಗ್ ಮಾವ ಎಂದೇ ಕರೆಯುತ್ತಿದ್ದರು. ಗಿರಾಕಿ ತಂದ ತುಂಡು ಬಟ್ಟೆಗೆ ಕೂದಲೆಳೆಯ ವ್ಯತ್ಯಾಸವೂ ಇಲ್ಲದ ಬಣ್ಣ ಹುಡುಕಿಕೊಡುವ ಕಣ್ಣು ಅವನದು. ಅಂಗಡಿ ನಿಂತಿದ್ದೇ ಆ ಕಣ್ಣಿನ ಮೇಲೆ. ಬಟ್ಟೆ ಬಣ್ಣ ಬಿಟ್ಟಿತೆಂದು ಯಾರಾದರೂ ಜಗಳಕ್ಕೆ ಬಂದರೆ ಉತ್ತರ ನಾಲಿಗೆ ತುದಿಯಲ್ಲೇ ಇರುತ್ತಿತ್ತು: "ಹೊಸದಲ್ವಾ? ಎರಡು ಒಗೆತ ಆಗ್ಲಿ, ತಾನೇ ಸರಿಹೋಗುತ್ತೆ."

ಎಡಗಣ್ಣಿನ ಒಳಪರದೆ, ಅಂದರೆ ರೆಟಿನಾ, ಕಳಚಿಕೊಂಡು ಆಪರೇಷನ್ ಆದಾಗ ಡಾಕ್ಟರಮ್ಮ ಎರಡು ಮಾತು ಹೇಳಿದ್ದರು. ಸ್ವಲ್ಪ ದಿನ ಮಬ್ಬಾಗಿರುತ್ತೆ, ಗಾಬರಿ ಬೇಡ. ಆದರೆ ನೋವು ಹೆಚ್ಚಾದರೆ, ಕಣ್ಣು ಕೆಂಪೇರಿದರೆ ಆ ಕ್ಷಣವೇ ಬನ್ನಿ. ವ್ಯಾಪಾರಿಯ ಕಿವಿ ನೋಡಿ: ಲಾಭದ ಮಾತು ಒಳಗೆ ಹೋಯಿತು, ನಷ್ಟದ್ದು ಹೊಸ್ತಿಲಲ್ಲೇ ನಿಂತಿತು.

ಕೆಲವು ದಿನ ಕಳೆದಿರಲಿಲ್ಲ, ಕಣ್ಣೊಳಗೆ ಸೂಜಿ ಆಡಿಸಿದಂತೆ ನೋವು ಶುರುವಾಯಿತು. ಮಧ್ಯಾಹ್ನದ ಹೊತ್ತಿಗೆ ರೆಪ್ಪೆ ಊದಿ, ಕಣ್ಣು ಕೆಂಡವಾಯಿತು.

"ಅಯ್ಯೋ, ಏನ್ರೀ ಇದು?" ಹೆಂಡತಿ ಹೌಹಾರಿದಳು.

"ಹೊಸ ಆಪರೇಷನ್ ಕಣೇ. ಎರಡು ದಿನ ಹೋಗ್ಲಿ, ತಾನೇ ಸರಿಹೋಗುತ್ತೆ."

"ಆ ಪುರಾಣ ಗಿರಾಕಿಗಳಿಗೆ ಇಟ್ಕೊಳ್ಳಿ. ಆ ಕಣ್ಣಲ್ಲಿ ಏನಾದ್ರೂ ಕಾಣ್ತಿದ್ಯಾ?"

ಅವನು ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ಅಂಗಡಿಯ ಕಪಾಟಿನ ಕಡೆ ನೋಡಿದ. ನಿನ್ನೆ ಮಬ್ಬಾಗಿಯಾದರೂ ಕಂಡಿದ್ದ ಬಟ್ಟೆಯ ಸುರುಳಿಗಳೆಲ್ಲ ಬೂದಿಯಲ್ಲಿ ಕಲಸಿಹೋಗಿದ್ದವು. ಅಷ್ಟರಲ್ಲಿ ಆಕೆ ಆಟೋ ಕರೆದಾಗಿತ್ತು.

"ಒಳಗೆ ಬ್ಯಾಕ್ಟೀರಿಯಾ ಸೇರಿ ಕೀವಾಗಿದೆ," ಎಂದರು ಡಾಕ್ಟರಮ್ಮ. "ನಾಳೆ ಬಂದಿದ್ರೆ ಕಣ್ಣಿನ ಆಸೆ ಬಿಡ್ಬೇಕಿತ್ತು. ಈಗ್ಲೂ ಗ್ಯಾರಂಟಿ ಕೊಡಲ್ಲ."

ಜನ್ಮದಲ್ಲಿ ಯಾವ ಬಟ್ಟೆಗೂ ಗ್ಯಾರಂಟಿ ಕೊಡದಿದ್ದ ಮನುಷ್ಯನಿಗೆ ಆ ಮಾತು ಎಷ್ಟು ಭಾರವೆಂದು ಅಂದು ಗೊತ್ತಾಯಿತು. ಕಣ್ಣೊಳಕ್ಕೇ ಔಷಧಿ ಚುಚ್ಚಿದರು. ಮತ್ತೆ ಆಪರೇಷನ್ ಮಾಡಿ ಕೀವು ತೆಗೆದರು.

ನೋವು ಇಳಿಯಿತು, ಊತ ಇಳಿಯಿತು. ಕಾಣುತ್ತದೋ ಇಲ್ಲವೋ ಎಂಬುದೊಂದು ಮಾತ್ರ ಉಳಿದಿತ್ತು. ಒಂದು ಬೆಳಿಗ್ಗೆ ಡಾಕ್ಟರಮ್ಮ ಅವನ ಬಲಗಣ್ಣು ಮುಚ್ಚಿ, ಹೆಂಡತಿಯನ್ನು ಎದುರಿಗೆ ನಿಲ್ಲಿಸಿದರು.

"ಏನು ಕಾಣುತ್ತೆ, ಹೇಳಿ."

ಅವನು ಕತ್ತು ಮುಂದೆ ಚಾಚಿ ಬಹಳ ಹೊತ್ತು ನೋಡಿದ. "ಮೂಗು. ಅದರ ತುದೀಲಿ ಕೋಪ."

ಬೈಯಲು ಬಾಯಿ ತೆರೆದ ಹೆಂಡತಿ ಅತ್ತುಬಿಟ್ಟಳು. ಅವನಿಗೂ ತಡೆಯಲಾಗದೆ ಕೈ ಮುಖದತ್ತ ಹೋಯಿತು.

"ಕೈ ಕೆಳಗೆ!" ಡಾಕ್ಟರಮ್ಮ ಗದರಿದರು. "ಅಳೋದಾದ್ರೆ ಅಳಿ, ಕಣ್ಣು ಮಾತ್ರ ಮುಟ್ಬೇಡಿ."